ಸೀಲನ್ನು ಓರೆ ಬೆಳಕಿಗೆ ಹಿಡಿದು ನೋಡಿದ್ರಾ?

ನಮಸ್ಕಾರ. ಇಂಗ್ಲೆಂಡಿನ ಕೆಂಟ್‌ನಲ್ಲಿ ಮೆಡ್ವೇ ನದಿ ದಂಡೆಯ ಕೆಸರಲ್ಲಿ ನಿಮಗೆ ಸಿಕ್ಕಿದ, ಹಳೇ ಸಿಮೆಂಟ್ ಮೂಟೆ ಕಟ್ಟಿದ ದಾರಕ್ಕೆ ಒತ್ತುತ್ತಿದ್ದ ಸೀಸದ ಸೀಲ್ ಬಗ್ಗೆ ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆ ಸರಾಗ. ಆದರೆ ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಅದನ್ನಷ್ಟೇ ಬರೆಯುತ್ತೇನೆ.

ಎರಡನೇ ಪುಟದಲ್ಲಿ ನಿಮ್ಮ ಸಾಲು: "ಎ.ಪಿ.ಸಿ.ಎಂ. ಎಂಬ ಅಕ್ಷರಗಳಿರುವ ಈ ಸೀಲ್ ಸುಮಾರು 1860ರದ್ದು." ಆ ಇಸವಿ ಎಲ್ಲಿಂದ ಬಂತು? ಅಸೋಸಿಯೇಟೆಡ್ ಪೋರ್ಟ್‌ಲ್ಯಾಂಡ್ ಸಿಮೆಂಟ್ ಮ್ಯಾನುಫ್ಯಾಕ್ಚರರ್ಸ್ ಹುಟ್ಟಿದ್ದೇ 1900ರಲ್ಲಿ. ಥೇಮ್ಸ್, ಮೆಡ್ವೇ ದಂಡೆಯ ಹಳೇ ಕಂಪನಿಗಳು ಒಂದಾಗಿ ಕಟ್ಟಿಕೊಂಡ ಕಂಪನಿ ಅದು. 1900 ಅನ್ನೋದು ಅದರ ಹೆಸರಲ್ಲೇ ಇತ್ತು. ಅದಕ್ಕೆ ಮುಂಚೆ ಆ ನಾಲ್ಕು ಅಕ್ಷರ ಒತ್ತುವ ಇಕ್ಕಳ ಯಾರ ಹತ್ತಿರ ಇರಲು ಸಾಧ್ಯ?

ಹಾಗಂತ ಹಳೇ ಕಂಪನಿಯ ಹೆಸರು ಕಂಡ ಕೂಡಲೇ 1900ಕ್ಕಿಂತ ಹಿಂದಿನದು ಅಂತಲೂ ಬರೆಯಬೇಡಿ. ಒಂದಾದ ಮೇಲೂ ಹಳೇ ಬ್ರ್ಯಾಂಡ್ ಹೆಸರುಗಳು ಮಾರಾಟದಲ್ಲಿ ಉಳಿದಿದ್ದವು. ಹೆಸರಿನ ಜೊತೆ ಊರು ಇದೆಯಾ ನೋಡಿ. ಉದಾಹರಣೆಗೆ, ಐ.ಸಿ. ಜಾನ್ಸನ್ ಎಂಬ ಸಿಮೆಂಟ್ ಕಂಪನಿಗೆ ಥೇಮ್ಸ್ ದಂಡೆಯ ಗ್ರೀನ್‌ಹೈಥ್‌ನಲ್ಲೂ ಕಾರ್ಖಾನೆ ಇತ್ತು, ದೂರದ ಉತ್ತರದ ಗೇಟ್ಸ್‌ಹೆಡ್‌ನಲ್ಲೂ ಇತ್ತು. ನಿಮ್ಮ ಸೀಲಿನ ಹಿಂಬದಿ ಏನಿದೆ? ದಾರ ಹಾಯಿಸುವ ತೂತು ಒಂದೋ ಎರಡೋ? ಒಳಗೆ ದಾರದ ನಾರು ಉಳಿದಿದೆಯಾ? ಒಂದು ಸಾಲೂ ಇಲ್ಲ. "ಕಾಲದ ಮೌನ ಸಾಕ್ಷಿ" ಮಾತ್ರ ಮೂರು ಸಲ ಇದೆ.

ಇನ್ನೊಂದು ಸಾಲು: "ಅಜ್ಜಿ ಹಿತ್ತಾಳೆ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದೆ." ಓದಿ ಸಂಕಟವಾಯಿತು. ಸೀಸ ಉಗುರಿಗೇ ಗೀರು ಬೀಳುವಷ್ಟು ಮೆದು. ಅಕ್ಷರದ ಅಂಚು ಉಳಿಯುವುದೇ ಮೇಲಿನ ಆ ಬೂದು ಪದರದಲ್ಲಿ. ಹುಳಿ ಅದನ್ನೇ ತಿನ್ನುತ್ತದೆ. ಬರೀ ನೀರು, ಮೆತ್ತನೆ ಬ್ರಷ್ ಸಾಕು. ಒಣಗಿದ ಮೇಲೆ ಟಾರ್ಚನ್ನು ಒಂದು ಪಕ್ಕದಿಂದ, ಆದಷ್ಟು ತಗ್ಗಿಸಿ ಹಿಡಿಯಿರಿ. ಸವೆದ ಅಕ್ಷರದ ನೆರಳು ಏಳುತ್ತದೆ. ಸೀಸ ವಿಷ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಇಷ್ಟೆಲ್ಲ ಹೇಳುತ್ತಿರುವುದು ಯಾಕೆಂದರೆ ನಾನು ಓದು ಕಲಿತದ್ದೂ ಸೀಸದಲ್ಲೇ. ಅಚ್ಚುಕೂಟದಲ್ಲಿ ಕರಡು ತಿದ್ದುವ ಹುಡುಗನಾಗಿದ್ದೆ. ವೈಕುಂಠ ಸಮಾರಾಧನೆಯ ಒಂದು ಕಾರ್ಡಿನಲ್ಲಿ ಸೀಸದ ಅಚ್ಚುಮೊಳೆ ಸವೆದು ಹೆಸರಿನ ಕೊನೆ ಮೂಡಿರಲಿಲ್ಲ. 'ರಂಗ' ಅಂತಷ್ಟೇ ಕಾಣುತ್ತಿತ್ತು. ಮೂಲ ಪ್ರತಿ ಪಕ್ಕದ ಕೋಣೆಯಲ್ಲಿತ್ತು. ಎದ್ದು ಹೋಗಿ ನೋಡದೆ 'ರಂಗಣ್ಣ' ಅಂತ ತಿದ್ದಿದೆ. ತೀರಿಕೊಂಡವರು ರಂಗಮ್ಮ. ಇನ್ನೂರು ಕಾರ್ಡು ಅಚ್ಚಾಗಿತ್ತು. ಅವರ ಮಗ ಕಾರ್ಡು ಕೈಯಲ್ಲಿ ಹಿಡಿದು ಏನೂ ಮಾತಾಡದೆ ನಿಂತಿದ್ದರು. ಮೊಳೆ ಜೋಡಿಸುವ ಹಿರಿಯರು ಆ ಸವೆದ ಮೊಳೆಯನ್ನು ಹುಡುಕಿ ತಂದು ನನ್ನ ಅಂಗೈಯಲ್ಲಿಟ್ಟರು. ಕಿಟಕಿ ಹತ್ತಿರ ನಿಲ್ಲಿಸಿ, "ಓರೆ ಹಿಡಿದು ನೋಡೋ" ಅಂದರು. ಉಲ್ಟಾ ಅಕ್ಷರ. ಕೆಳಗೆ ಮ ಒತ್ತಿನ ಗೆರೆ ತೆಳ್ಳಗೆ ಕಾಣುತ್ತಿತ್ತು.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಸೀಲಿನ ಎರಡೂ ಬದಿಯಲ್ಲಿ ಏನಿದೆಯೋ ಅದನ್ನು ಅಕ್ಷರ ಅಕ್ಷರವಾಗಿ ಬರೆಯಿರಿ. ಕಾಣದ ಕಡೆ ಚುಕ್ಕಿ ಇಡಿ, ತುಂಬಬೇಡಿ. ಅಳತೆ, ತೂಕ ಕೊಡಿ. ಮುಂದಿನ ತಿಂಗಳವರೆಗೂ ಜಾಗ ಇಟ್ಟಿರುತ್ತೇನೆ.