ಮೊದಲು ಮನೆಯ ಜಾತಕ ನೋಡಿ: ಕಾಟ್ಸ್‌ವೋಲ್ಡ್ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ಜಿಲ್ಲೆಯಿಂದಲೇ ಬಂದಿವೆ. ನಾನಿರುವುದೂ ಇಲ್ಲೇ, ಸೈರನ್‌ಸೆಸ್ಟರ್ ಹತ್ತಿರದ ಒಂದು ಹಳ್ಳಿಯಲ್ಲಿ. ಹತ್ತೊಂಬತ್ತು ವರ್ಷದಿಂದ ಮನೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಮನೆಗೆ ಒಂದು ಕೋಣೆ ಸೇರಿಸುವುದಕ್ಕೆ ಇಲ್ಲಿರುವಷ್ಟು ಕಟ್ಟುಪಾಡು ಇಂಗ್ಲೆಂಡಿನಲ್ಲಿ ಬೇರೆ ಕಡೆ ಸಿಗುವುದು ಅಪರೂಪ. ಜಿಲ್ಲೆಯ ಸುಮಾರು ಶೇಕಡ 80 ಭಾಗ ರಕ್ಷಿತ ಭೂದೃಶ್ಯದ ಒಳಗಿದೆ. ಅದರ ಜೊತೆಗೆ ಊರಿನ ಹಳೆಯ ಸ್ವರೂಪ ಕಾಪಾಡಲು ಗುರುತಿಸಿದ 144 ಕನ್ಸರ್ವೇಶನ್ ಏರಿಯಾಗಳಿವೆ. ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು. ನಕ್ಷೆ ಆಮೇಲೆ ಬರೆಯೋಣ, ಮೊದಲು ಮನೆಯ ಜಾತಕ ನೋಡೋಣ.

ಪ್ರಶ್ನೆ: ನಾರ್ತ್‌ಲೀಚ್ ಹತ್ತಿರದ ಹಳ್ಳಿಯಲ್ಲಿ ಸೆಮಿ ಡಿಟ್ಯಾಚ್ಡ್ (ಒಂದು ಬದಿ ಪಕ್ಕದ ಮನೆಗೆ ಅಂಟಿಕೊಂಡ) ಮನೆ ಕೊಂಡಿದ್ದೇವೆ. ಅಡುಗೆಮನೆ ತುಂಬಾ ಇಕ್ಕಟ್ಟು. ಹಿಂದಕ್ಕೆ 6 ಮೀಟರ್ ಬೆಳೆಸಬೇಕು, ಪಕ್ಕದಲ್ಲಿ ಒಂದು ಕೋಣೆಯೂ ಬೇಕು. ಸ್ವಿಂಡನ್ ಪಟ್ಟಣದಲ್ಲಿರುವ ನಮ್ಮ ಭಾವ ಅಕ್ಕಪಕ್ಕದವರಿಗೆ ನೋಟಿಸ್ ಹೋದ ಮೇಲೆ 6 ಮೀಟರ್ ಕಟ್ಟಿಸಿದರು, ಪೂರ್ತಿ ಅರ್ಜಿ ಹಾಕಲೇ ಇಲ್ಲ. ನಮಗೆ ಯಾಕೆ ಆಗುವುದಿಲ್ಲ? ಹಿಂದೆ ಈಗಾಗಲೇ 2 ಮೀಟರಿನ ಒಂದು ಸಣ್ಣ ಕೋಣೆ ಇದೆ. 1980ರ ದಶಕದಲ್ಲಿ ಹಳೆಯ ಮಾಲೀಕರು ಕಟ್ಟಿಸಿದ್ದಂತೆ.

ನಿಮ್ಮ ಭಾವ ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಅವರ ಮನೆ ಇರುವ ನೆಲ ಬೇರೆ, ನಿಮ್ಮ ನೆಲ ಬೇರೆ.

ಇಂಗ್ಲೆಂಡಿನಲ್ಲಿ 2015ರ ಒಂದು ಆದೇಶವಿದೆ. ಇಂತಿಂಥ ಅಳತೆಯೊಳಗೆ ಕಟ್ಟಿದರೆ ಪ್ಲಾನಿಂಗ್ ಪರ್ಮಿಷನ್ ಕೇಳಬೇಕಾಗಿಲ್ಲ ಎಂದು ಅದು ಹೇಳುತ್ತದೆ. ಇದಕ್ಕೆ ಪರ್ಮಿಟೆಡ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಸಾಮಾನ್ಯ ಜಾಗದಲ್ಲಿ ಹಿಂದಿನ ಒಂದಂತಸ್ತಿನ ಕೋಣೆ ಬಿಡಿ ಮನೆಗೆ 4 ಮೀಟರ್, ಅಂಟಿಕೊಂಡ ಮನೆಗೆ 3 ಮೀಟರ್ ಚಾಚಬಹುದು. ನೆರೆಯವರಿಗೆ ತಿಳಿಸಿ ಕೌನ್ಸಿಲ್‌ನಿಂದ, ಅಂದರೆ ಸ್ಥಳೀಯ ಆಡಳಿತದಿಂದ, ಒಪ್ಪಿಗೆ ಪಡೆದರೆ ಅದು 8 ಮತ್ತು 6 ಮೀಟರ್ ಆಗುತ್ತದೆ. ಭಾವನವರು ಹೋದದ್ದು ಈ ದಾರಿಯಲ್ಲಿ. ನಾರ್ತ್‌ಲೀಚ್ ಇರುವುದು ಕಾಟ್ಸ್‌ವೋಲ್ಡ್ಸ್ ನ್ಯಾಷನಲ್ ಲ್ಯಾಂಡ್‌ಸ್ಕೇಪ್ ಎಂಬ ರಕ್ಷಿತ ಭೂದೃಶ್ಯದ ಒಳಗೆ. 1966ರಲ್ಲಿ ಗುರುತಿಸಿ 1990ರಲ್ಲಿ ಹಿಗ್ಗಿಸಿದ ಪ್ರದೇಶ ಅದು. ಮೊದಲು ಅದನ್ನು ಎಒಎನ್‌ಬಿ (ಅಪೂರ್ವ ನಿಸರ್ಗ ಸೌಂದರ್ಯದ ಪ್ರದೇಶ) ಎಂದು ಕರೆಯುತ್ತಿದ್ದರು, ಕಾನೂನಿನಲ್ಲಿ ಈಗಲೂ ಅದೇ ಹೆಸರು. ಇಂಥ ನೆಲದಲ್ಲಿ 6 ಮೀಟರಿನ ದಾರಿಯೇ ಇಲ್ಲ. ಪಕ್ಕಕ್ಕೆ ಒಂದಡಿ ಹೋಗುವುದಕ್ಕೂ ಪೂರ್ತಿ ಅರ್ಜಿ ಹಾಕಬೇಕು. ಹಿಂದಕ್ಕೆ ಎರಡಂತಸ್ತು ಕಟ್ಟುವುದಕ್ಕೂ ಅಷ್ಟೇ. ಹಳೆಯ ಗೋಡೆಗೆ ಹೊಸದಾಗಿ ಗಾರೆ ಮೆತ್ತಿಸಬೇಕು, ಮರದ ಹಲಗೆ ಹೊದಿಸಬೇಕು ಎಂದರೂ ಕೇಳಬೇಕು.

ಹಾಗಾದರೆ 3 ಮೀಟರ್ ಸಿಗುತ್ತದಲ್ವಾ ಎನ್ನುತ್ತೀರಿ. ನಿಮ್ಮ ಪತ್ರದ ಕೊನೆಯ ಸಾಲು ಓದಿ ನಾನು ಪೆನ್ನು ಕೆಳಗಿಟ್ಟದ್ದು ಇಲ್ಲೇ. ಅಳತೆ ಹಿಡಿಯುವುದು ಈಗಿನ ಗೋಡೆಯಿಂದ ಅಲ್ಲ, ಮೂಲ ಮನೆಯ ಗೋಡೆಯಿಂದ. ಮನೆ 1948ರ ಜುಲೈ 1ಕ್ಕಿಂತ ಹಳೆಯದಾದರೆ ಆ ದಿನ ಅದು ಹೇಗಿತ್ತೋ ಅದು ಮೂಲ. ಆಮೇಲಿನದಾದರೆ ಮೊದಲು ಕಟ್ಟಿದಾಗ ಹೇಗಿತ್ತೋ ಅದು. 1980ರ ದಶಕದ ಆ 2 ಮೀಟರ್ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಉಳಿಯುವುದು 1 ಮೀಟರ್ ಮಾತ್ರ. ನೀವು ಕಟ್ಟಿಸಿದ್ದಲ್ಲ, ನಿಜ. ಆದರೂ ಮನೆಯ ಜೊತೆ ಅದರ ಹಳೆಯ ಲೆಕ್ಕವನ್ನೂ ಕೊಂಡ ಹಾಗೆ.

ಒಂದು ಮೀಟರಿಗಾಗಿ ತಳಪಾಯ ತೋಡಿಸಬೇಡಿ. ಪೂರ್ತಿ ಅರ್ಜಿ ಹಾಕಿ. 2025ರ ಏಪ್ರಿಲ್ 1ರಿಂದ ಅದರ ಶುಲ್ಕ 258 ಪೌಂಡ್‌ನಿಂದ 528 ಪೌಂಡ್‌ಗೆ ಏರಿತು. ನಾಲ್ಕೈದು ಮೀಟರ್ ಹಿಂದಕ್ಕೆ, ಪಕ್ಕಕ್ಕೆ ತಗ್ಗಾದ ಒಂದು ಕೋಣೆ ಕೇಳಿದರೆ ಸಿಗುವ ಸಾಧ್ಯತೆ ಇದೆ. ಪಕ್ಕದ ಕೋಣೆಯ ನೆತ್ತಿ ಮನೆಯ ನೆತ್ತಿಗಿಂತ ಕೆಳಗಿರಲಿ, ಅದರ ಮುಂಗೋಡೆ ಮನೆಯ ಮುಂಗೋಡೆಗಿಂತ ಸ್ವಲ್ಪ ಹಿಂದೆ ಸರಿದಿರಲಿ. 2018ರಲ್ಲಿ ಒಪ್ಪಿಗೆಯಾದ ಜಿಲ್ಲೆಯ ಲೋಕಲ್ ಪ್ಲಾನ್ ಒಳಗೆ ಕಾಟ್ಸ್‌ವೋಲ್ಡ್ ಡಿಸೈನ್ ಕೋಡ್ ಎಂಬ ಭಾಗವಿದೆ. ಒಂದು ಸಂಜೆ ಇಬ್ಬರೂ ಕೂತು ಅದನ್ನು ಓದಿ. ಅರ್ಜಿ ನೋಡುವ ಅಧಿಕಾರಿ ಕೈಯಲ್ಲಿ ಹಿಡಿದುಕೊಳ್ಳುವುದು ಅದನ್ನೇ.

ಪ್ರಶ್ನೆ: ಟೆಟ್ಬರಿಯಲ್ಲಿ ನಮ್ಮ ಮನೆ. ಅಟ್ಟವನ್ನು ಮಲಗುವ ಕೋಣೆಯಾಗಿಸಿ, ಛಾವಣಿಯ ಮಾಡಿನಿಂದ ಹೊರಕ್ಕೆ ಚಾಚುವ ಒಂದು ಡಾರ್ಮರ್ ಕಿಟಕಿ ಹೊರಡಿಸಬಹುದೇ?

ಅರ್ಜಿ ಇಲ್ಲದೇ ಆಗುವುದಿಲ್ಲ. ರಕ್ಷಿತ ನೆಲದಲ್ಲಿ ಮಾಡನ್ನು ಉಬ್ಬಿಸುವ ಹಕ್ಕು ಇಲ್ಲವೇ ಇಲ್ಲ. ಬೆಳಕು ಸಾಕು ಎಂದಾದರೆ ಮಾಡಿನಲ್ಲೇ ಹುದುಗಿಸಿದ ರೂಫ್‌ಲೈಟ್ ಹಾಕಿಸಿ. ಮಾಡಿನ ಮಟ್ಟದಿಂದ 150 ಮಿಲಿಮೀಟರ್‌ಗಿಂತ ಮೇಲೆ ಏಳದಿದ್ದರೆ ಸಾಮಾನ್ಯವಾಗಿ ಪ್ಲಾನಿಂಗ್ ಪರ್ಮಿಷನ್ ಬೇಡ. ಮನೆ ಲಿಸ್ಟೆಡ್ ಆಗಿದ್ದರೆ, ಅಂದರೆ ಕಾಪಾಡಬೇಕಾದ ಹಳೆಯ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿದ್ದರೆ, ಈ ಮಾತು ಅನ್ವಯಿಸುವುದಿಲ್ಲ. ಬಿಲ್ಡಿಂಗ್ ರೆಗ್ಯುಲೇಶನ್ಸ್ (ಕಟ್ಟಡದ ಸುರಕ್ಷತೆಯ ನಿಯಮಗಳ) ಒಪ್ಪಿಗೆ ಎರಡಕ್ಕೂ ಬೇಕು. ಅದು ಬೇರೆಯೇ ಅರ್ಜಿ.

ಪ್ರಶ್ನೆ: ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ ಗ್ರೇಡ್ ಟೂ ಲಿಸ್ಟೆಡ್ ಕಾಟೇಜ್ ನಮ್ಮದು. ಒಳಗಿನ ಒಂದು ಗೋಡೆ ತೆಗೆದು ಹಾಲ್ ದೊಡ್ಡದು ಮಾಡಬೇಕು, ಚಳಿಗೆ ಡಬಲ್ ಗ್ಲೇಜಿಂಗ್ ಹಾಕಿಸಬೇಕು. "ಲಿಸ್ಟಿಂಗ್ ಇರುವುದು ಹೊರಗಿನ ಮುಖಕ್ಕೆ, ಒಳಗೆ ಏನು ಬೇಕಾದರೂ ಮಾಡಿ" ಎನ್ನುತ್ತಾರೆ ಬಿಲ್ಡರ್. ಹೌದೇ?

ಅಲ್ಲ. ದಯವಿಟ್ಟು ಅವರ ಮಾತು ಕೇಳಬೇಡಿ.

ಲಿಸ್ಟಿಂಗ್ ಹಿಡಿಯುವುದು ಇಡೀ ಕಟ್ಟಡವನ್ನು. ಒಳಗಿನ ಗೋಡೆ, ಮೆಟ್ಟಿಲು, ತೊಲೆ, ಬೆಂಕಿಗೂಡು, ಸುಣ್ಣದ ಗಾರೆ ಎಲ್ಲವೂ ಅದರಲ್ಲಿ ಬಂತು. ಹಿತ್ತಲಲ್ಲಿ 1948ರ ಜುಲೈಗೆ ಮುಂಚಿನಿಂದ ಇರುವ ಕೊಟ್ಟಿಗೆ, ಕಾಂಪೌಂಡ್ ಗೋಡೆ ಕೂಡ ಸಾಮಾನ್ಯವಾಗಿ ಬರುತ್ತವೆ. ಗ್ರೇಡ್ ಒಂದೋ ಎರಡೋ ಎಂಬುದರಿಂದ ಇದು ಬದಲಾಗುವುದಿಲ್ಲ. ಒಪ್ಪಿಗೆ ಇಲ್ಲದೇ ಕೈ ಹಾಕಿದರೆ 1990ರ ಕಾಯಿದೆ ಪ್ರಕಾರ ಅದು ಅಪರಾಧ. ಮಿತಿಯಿಲ್ಲದ ದಂಡ, ಎರಡು ವರ್ಷದ ತನಕ ಜೈಲು ಎರಡೂ ಸಾಧ್ಯ. ಸಾಮಾನ್ಯ ಕಟ್ಟಡದಲ್ಲಿ ಅನುಮತಿಯಿಲ್ಲದ ಕೆಲಸ ಮುಗಿದು ಹತ್ತು ವರ್ಷ ಕಳೆದರೆ ಕೌನ್ಸಿಲ್ ಕ್ರಮ ಕೈಗೊಳ್ಳುವ ಹಾಗಿಲ್ಲ. ಲಿಸ್ಟೆಡ್ ಮನೆಗೆ ಅಂಥ ಗಡುವೇ ಇಲ್ಲ. ನಾಳೆ ನೀವು ಮಾರಿದರೂ ಆ ತಪ್ಪು ಮನೆಯ ಜೊತೆಗೇ ಹೋಗುತ್ತದೆ, ಕೊಂಡವರು ಅದನ್ನು ಸರಿಪಡಿಸಬೇಕಾಗಿ ಬರಬಹುದು.

ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಅರ್ಜಿಗೆ ಶುಲ್ಕವೇ ಇಲ್ಲ. ಇದನ್ನು ಎಷ್ಟೋ ಜನರಿಗೆ ಯಾರೂ ಹೇಳಿರುವುದಿಲ್ಲ. ಕಿಟಕಿಗೆ ಒಳಗಡೆಯಿಂದ ಸೆಕೆಂಡರಿ ಗ್ಲೇಜಿಂಗ್, ಅಂದರೆ ಬೇರೆಯೇ ಒಂದು ಗಾಜಿನ ಪದರ, ಕೂರಿಸುವ ಯೋಚನೆ ಮಾಡಿ. ಹಳೆಯ ಮರದ ಚೌಕಟ್ಟು ಹಾಗೇ ಉಳಿಯುತ್ತದೆ, ಚಳಿಯೂ ತಗ್ಗುತ್ತದೆ, ಅಧಿಕಾರಿಗಳೂ ಇದನ್ನು ಸುಲಭವಾಗಿ ಒಪ್ಪುತ್ತಾರೆ. ಇದಕ್ಕೂ ಕನ್ಸೆಂಟ್ ಬೇಕೇ ಎಂದು ಕನ್ಸರ್ವೇಶನ್ ಅಧಿಕಾರಿಯನ್ನು ಬರವಣಿಗೆಯಲ್ಲೇ ಕೇಳಿ. ಗೋಡೆಯ ವಿಷಯದಲ್ಲಿ ಅದು ಯಾವ ಕಾಲದ್ದು ಎಂಬುದು ಮುಖ್ಯ. ಇತ್ತೀಚೆಗೆ ಎದ್ದ ಹಲಗೆ ಗೋಡೆಯಾದರೆ ಆಸೆ ಇಟ್ಟುಕೊಳ್ಳಿ. ಮೂಲದ ಕಲ್ಲುಗೋಡೆಯಾದರೆ ಅದರ ಸುತ್ತಲೇ ಬದುಕು ಹೊಂದಿಸಿಕೊಳ್ಳಬೇಕು. ನನಗಂತೂ ಅದು ಬೇಸರದ ವಿಷಯ ಅಲ್ಲ. ಆ ಗೋಡೆ ನಮಗಿಂತ ಎಷ್ಟೋ ತಲೆಮಾರು ಹಿಂದಿನದು.

ಪ್ರಶ್ನೆ: ಅಡುಗೆಮನೆಯ ಮಾಡು ಬಿಚ್ಚಿ ಎತ್ತರಿಸುವ ಅರ್ಜಿ ಹಾಕಿದ್ದೇವೆ. ಈಗ ಬಾವಲಿ ಸರ್ವೆ ಬೇಕು ಎಂದು ಕೌನ್ಸಿಲ್‌ನಿಂದ ಪತ್ರ ಬಂದಿದೆ. ಮನೆಯಲ್ಲಿ ಬಾವಲಿ ಕಂಡೇ ಇಲ್ಲ. ಸುಮ್ನೆ ಖರ್ಚು ಅಲ್ವಾ?

ನಾನೂ ಒಮ್ಮೆ ಹೀಗೇ ಕೇಳಿದ್ದೆ. ಅದಕ್ಕೆ ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ.

ನಮ್ಮದು ಕಲ್ಲುಹೆಂಚಿನ ಮಾಡು. ಇಲ್ಲಿನ ಸುಣ್ಣಕಲ್ಲನ್ನೇ ಪದರಪದರವಾಗಿ ಸೀಳಿ ಮಾಡಿದ ಹೆಂಚು. ಸೂರಿನ ಬಳಿ ದೊಡ್ಡ ಕಲ್ಲು, ಮೇಲೆ ಹೋದಂತೆ ಸಣ್ಣದು, ನೆತ್ತಿಯಲ್ಲಿ ಅಂಗೈಯಗಲ. ಪಕ್ಕದ ಮನೆಯ ಹಿರಿಯ ಕಲ್ಲುಕೆಲಸದವರು ಈ ಕ್ರಮವನ್ನು ಏಣಿಯ ಮೇಲೆ ನಿಲ್ಲಿಸಿಯೇ ನನಗೆ ತೋರಿಸಿಕೊಟ್ಟರು. ಎರಡು ಕಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಬಾವಲಿಗೆ ಅಷ್ಟು ಸಾಕು.

ಹಿಂದಿನ ಕೋಣೆಗೆ ಅರ್ಜಿ ಸಿದ್ಧಮಾಡಿ, ಅಕ್ಟೋಬರ್‌ನಲ್ಲಿ ಇಕಾಲಜಿಸ್ಟ್ (ಜೀವಿಗಳ ನೆಲೆ ಅಧ್ಯಯನ ಮಾಡುವ ತಜ್ಞ) ಒಬ್ಬರನ್ನು ಕರೆಸಿದೆ. ಅಟ್ಟಕ್ಕೆ ಹತ್ತಿದವರು ಕಪ್ಪು ಕಾಳಿನಂಥದ್ದನ್ನು ಬೆರಳಲ್ಲಿ ಒತ್ತಿ ತೋರಿಸಿದರು. ಪುಡಿಪುಡಿಯಾಯಿತು. ಇಲಿಯ ಹಿಕ್ಕೆ ಹಾಗೆ ಪುಡಿಯಾಗುವುದಿಲ್ಲ. ಬಾವಲಿ ತಿನ್ನುವುದು ಹುಳು, ಅದಕ್ಕೇ ಅದರದ್ದು ಉದುರುತ್ತದೆ. ವರ್ಷಗಟ್ಟಲೆ ಅದೇ ಅಟ್ಟದ ಕೆಳಗೆ ಮಲಗಿದ್ದೆ, ನನಗೆ ಗೊತ್ತೇ ಇರಲಿಲ್ಲ.

ಮುಸ್ಸಂಜೆಯಲ್ಲಿ ಎಷ್ಟು ಬಾವಲಿ ಹೊರಬರುತ್ತವೆ ಎಂದು ಎಣಿಸುವ ಸರ್ವೆ ನಡೆಯುವುದು ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಮಾತ್ರ. ಉಳಿದ ಕಾಲದಲ್ಲಿ ಎಣಿಸಿದರೆ ಅದಕ್ಕೆ ಬೆಲೆಯಿಲ್ಲ. ಏಳು ತಿಂಗಳು ಕಾದೆ. ನನಗೆಂದು ದಿನ ಇಟ್ಟುಕೊಂಡಿದ್ದ ಮೇಸ್ತ್ರಿ ಬೇರೆ ಕೆಲಸ ಹಿಡಿದರು. ಮೇ ಕೊನೆಯಲ್ಲಿ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ನಾನೂ ಇಕಾಲಜಿಸ್ಟ್ ಜೊತೆ ಕೂತೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷಕ್ಕೆ ಸೂರಿನ ಸಂದಿಯಿಂದ ಒಂದು ಹೊರಟಿತು. ಆಮೇಲೆ ಇನ್ನೊಂದು. ಒಟ್ಟು ಹನ್ನೊಂದು.

ಬಾವಲಿಗೂ ಅದರ ಗೂಡಿಗೂ ಇಲ್ಲಿ ಕಾನೂನಿನ ರಕ್ಷಣೆ ಇದೆ. ಆಗ ಅದು ಮನೆಯಲ್ಲಿ ಇಲ್ಲದಿದ್ದರೂ ಗೂಡನ್ನು ಹಾಳುಮಾಡುವ ಹಾಗಿಲ್ಲ. ಪ್ಲಾನಿಂಗ್ ಪರ್ಮಿಷನ್ ಬೇಕಿಲ್ಲದ ಕೆಲಸಕ್ಕೂ ಇದು ಅನ್ವಯಿಸುತ್ತದೆ. ಅನುಮತಿ ಕೊಟ್ಟು ಸರ್ವೆ ಆಮೇಲೆ ಮಾಡಿ ಎನ್ನಲು ಸಾಮಾನ್ಯವಾಗಿ ಕೌನ್ಸಿಲ್‌ಗೂ ಬರುವುದಿಲ್ಲ. ಅದಕ್ಕೇ ನಿಮಗೆ ಪತ್ರ ಬಂದಿರುವುದು. ನಮ್ಮ ಹೊಸ ಮಾಡಿನಲ್ಲಿ ಸೂರಿನ ಬಳಿ ಒಂದು ಸಂದು ಬಿಟ್ಟು ಕಟ್ಟಿದ್ದೇವೆ, ಈಗಲೂ ಬರುತ್ತವೆ. ನೀವು ಈ ವಾರವೇ ಇಕಾಲಜಿಸ್ಟ್‌ಗೆ ಫೋನ್ ಮಾಡಿ. ಬೇಸಿಗೆ ಹತ್ತಿರ ಬಂದಂತೆ ಅವರು ಸಿಗುವುದು ಕಷ್ಟ. ಮೇಸ್ತ್ರಿಗೆ ಮುಂಗಡ ಮಾತ್ರ ಈಗಲೇ ಕೊಡಬೇಡಿ.

ಪ್ರಶ್ನೆ: ಸ್ಟೋ-ಆನ್-ದ-ವೋಲ್ಡ್ ಕಡೆ ಹೊಲದ ನಡುವಿನ ಹಳೆಯ ಬಾರ್ನ್ (ದವಸ, ಹುಲ್ಲು ತುಂಬುವ ಕಟ್ಟಡ) ಈಗ ನಮ್ಮ ಮನೆ. ಅಮ್ಮ ನಮ್ಮ ಜೊತೆ ಇರಲು ಬರುತ್ತಿದ್ದಾರೆ. ತೋಟದಲ್ಲಿ ಅವರಿಗೊಂದು ಮರದ ಗಾರ್ಡನ್ ರೂಮ್ ತರಿಸಿ ಇಡಬಹುದಲ್ಲವೇ? ತೋಟದ ಕೋಣೆಗೆ ಪರ್ಮಿಷನ್ ಬೇಡವಂತೆ.

ಅಮ್ಮನಿಗೆ ಮೆಟ್ಟಿಲಿಲ್ಲದ, ಬೆಚ್ಚಗಿನ ಕೋಣೆ ಬೇಕು ಎಂಬ ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೇ ಮೊದಲೇ ಹೇಳುತ್ತೇನೆ, ಕೋಣೆಗೆ ಆರ್ಡರ್ ಕೊಡಬೇಡಿ.

ತೋಟದ ಕೋಣೆಗೆ ಸಿಗುವ ವಿನಾಯಿತಿ ಮನೆಗೆ ಪೂರಕವಾದ ಬಳಕೆಗೆ ಮಾತ್ರ. ಸೈಕಲ್, ಹೊಲಿಗೆ ಮಿಷನ್, ಓದುವ ಮೇಜು ಇಟ್ಟುಕೊಳ್ಳಿ. ಒಬ್ಬರು ದಿನಾ ಮಲಗಿ ಬದುಕುವ ಕೋಣೆ ಅದರಲ್ಲಿ ಬರುವುದಿಲ್ಲ. ರಕ್ಷಿತ ಭೂದೃಶ್ಯದೊಳಗೆ ಮನೆಯಿಂದ 20 ಮೀಟರ್‌ಗಿಂತ ದೂರ ಕಟ್ಟುವುದೆಲ್ಲ ಸೇರಿ 10 ಚದರ ಮೀಟರ್ ಮೀರಬಾರದು, ಮನೆಯ ಪಕ್ಕದ ಜಾಗದಲ್ಲಂತೂ ಇಡುವ ಹಾಗೇ ಇಲ್ಲ.

ಇದಕ್ಕಿಂತ ಜಾಸ್ತಿ ಚಿಂತೆ ನನಗೆ ಬಾರ್ನ್ ಎಂಬ ಮಾತಿನದು. ಬಾರ್ನ್ ಅನ್ನು ಮನೆ ಮಾಡಲು ಅನುಮತಿ ಕೊಡುವಾಗ ಕೌನ್ಸಿಲ್‌ಗಳು ಅನೇಕ ಸಲ ಈ ವಿನಾಯಿತಿಗಳನ್ನೆಲ್ಲ ಷರತ್ತು ಹಾಕಿ ಕಿತ್ತುಕೊಂಡಿರುತ್ತವೆ. ಬಾರ್ನ್ ಮುಂದೆಯೂ ಬಾರ್ನ್ ಥರವೇ ಕಾಣಲಿ ಎಂಬುದು ಉದ್ದೇಶ. ಆ ಹಳೆಯ ಅನುಮತಿ ಪತ್ರ ಹುಡುಕಿ. ಮನೆ ಕೊಳ್ಳುವಾಗ ಸಾಲಿಸಿಟರ್ ಕೊಟ್ಟ ಕಡತದಲ್ಲಿ ಇರಬೇಕು, ಕೌನ್ಸಿಲ್‌ನ ಪ್ಲಾನಿಂಗ್ ದಾಖಲೆಯಲ್ಲೂ ನೋಡಬಹುದು. ಷರತ್ತುಗಳ ಪಟ್ಟಿಯನ್ನು ಒಂದೊಂದಾಗಿ ಓದಿ.

ನನ್ನ ಸಲಹೆ ಇಷ್ಟು. ಹೊರಗಿನ ಕೋಣೆ ಬಿಟ್ಟು, ಒಳಗೇ ನೆಲಮಟ್ಟದಲ್ಲಿ ಜಾಗ ಹೊಂದಿಸಿ. ಬಾರ್ನ್‌ಗಳಲ್ಲಿ ಗಾಡಿ ಬರುತ್ತಿದ್ದ ದೊಡ್ಡ ಬಾಗಿಲಿನ ಪಕ್ಕ ವಿಶಾಲವಾದ ಜಾಗ ಇರುತ್ತದೆ, ಅದನ್ನು ಕೋಣೆ ಮಾಡಬಹುದು. ಕಟ್ಟಡ ಲಿಸ್ಟೆಡ್ ಅಲ್ಲದಿದ್ದರೆ ಒಳಗಿನ ಬದಲಾವಣೆಗೆ ಪ್ಲಾನಿಂಗ್ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಅಮ್ಮ ರಾತ್ರಿ ಕರೆದರೆ ನಿಮಗೆ ಕೇಳಿಸುತ್ತದೆ ಕೂಡ.

ಪ್ರಶ್ನೆ: ಪಕ್ಕದಲ್ಲಿ ಎರಡಂತಸ್ತಿನ ಎಕ್ಸ್‌ಟೆನ್ಷನ್ ಕೇಳಿದ್ದೆವು. ಮಾಡು ಚಪ್ಪಟೆ, ಮುಂಭಾಗ ಪೂರ್ತಿ ಗಾಜು. ಮೂಲ ಮನೆಯನ್ನು ಮರೆಮಾಡುತ್ತದೆ ಎಂದು ಅರ್ಜಿ ತಿರಸ್ಕಾರವಾಗಿದೆ. ಅಪೀಲು ಹೋಗಲೇ?

ಹೋಗುವ ಹಕ್ಕಿದೆ. ತಿರಸ್ಕಾರ ಪತ್ರದ ದಿನಾಂಕದಿಂದ 12 ವಾರದೊಳಗೆ ಅಪೀಲು ಕೇಳುವ ಸರ್ಕಾರಿ ಸಂಸ್ಥೆ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಹಾಕಬೇಕು. ಅಪೀಲಿಗೆ ಶುಲ್ಕ ಇಲ್ಲ. ಆದರೆ ನೀವು ಕಳಿಸಿದ ನಕ್ಷೆ ನೋಡಿದೆ. ನಿಮ್ಮ ಮನೆ 6 ಮೀಟರ್ ಅಗಲ, ಹೊಸ ಭಾಗ ಐದೂವರೆ ಮೀಟರ್. ಎರಡರ ಎತ್ತರವೂ ಒಂದೇ. ಈ ನಕ್ಷೆ ಇಟ್ಟುಕೊಂಡು ಅಪೀಲಿನಲ್ಲಿ ಗೆಲ್ಲುವುದು ಕಷ್ಟ ಎಂದೇ ನನಗನ್ನಿಸುತ್ತದೆ.

ಅಧಿಕಾರಿ ಬರೆದ ವರದಿ ದಾಖಲೆಯಲ್ಲಿ ಸಿಗುತ್ತದೆ, ಅದನ್ನು ತರಿಸಿ ಓದಿ. ತಿರಸ್ಕಾರ ಪತ್ರದಲ್ಲಿ ಎರಡು ಸಾಲಿದ್ದರೆ ಅದರಲ್ಲಿ ಆರು ಪುಟ ಇರುತ್ತದೆ. ಯಾವುದು ಅವರಿಗೆ ಒಪ್ಪಿಗೆಯಾಯಿತು ಎಂಬುದೂ ಅಲ್ಲೇ ತಿಳಿಯುತ್ತದೆ. ಆಮೇಲೆ ಅಗಲವನ್ನು ಮೂರೂವರೆಗೆ ಇಳಿಸಿ, ನೆತ್ತಿ ತಗ್ಗಿಸಿ, ಇಳಿಜಾರು ಮಾಡು ಹಾಕಿ. ಗಾಜು ಬೇಕೇ ಬೇಕು ಎಂದಾದರೆ ಅದನ್ನು ಹಿತ್ತಲ ಕಡೆ ತಿರುಗಿಸಿ. ಹೊಸ ನಕ್ಷೆಯನ್ನು ಮೊದಲು ಪ್ರಿ-ಅಪ್ಲಿಕೇಶನ್ ಸಲಹೆಗೆ, ಅಂದರೆ ಅರ್ಜಿಗೆ ಮುಂಚೆ ಕೌನ್ಸಿಲ್ ಕೊಡುವ ಅಭಿಪ್ರಾಯಕ್ಕೆ, ಕಳಿಸಿ. ಅದಕ್ಕೆ ದುಡ್ಡು ಕೊಡಬೇಕು, ಆದರೆ ಎರಡನೇ ಸಲದ ಅರ್ಜಿಗೆ ಮುಂಚೆ ಇದ್ದ ಶುಲ್ಕ ವಿನಾಯಿತಿ 2023ರ ಡಿಸೆಂಬರ್‌ನಲ್ಲೇ ಹೋಯಿತು, ಹಾಗಾಗಿ ಪೂರ್ತಿ ಶುಲ್ಕ ಮತ್ತೆ ಕಟ್ಟುವ ಮೊದಲು ಇದು ಲಾಭವೇ. ಅಷ್ಟರಲ್ಲಿ 12 ವಾರದ ಗಡುವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸಲಹೆ ಬರುವುದು ತಡವಾದರೆ ಅಪೀಲಿನ ಬಾಗಿಲು ಮುಚ್ಚಿಹೋಗಬಾರದು.