ಓದುಗರ ಪ್ರಶ್ನೆ: ವೃತ್ತ ಎಲ್ಲಿ ತುಂಡಾಗುತ್ತದೆ?

ಪ್ರಶ್ನೆ: ವೃತ್ತಾಕಾರದ ಆರ್ಥಿಕತೆ ಎಂಬುದು ರೀಸೈಕ್ಲಿಂಗ್‌ಗೆ ಇಟ್ಟ ಹೊಸ ಹೆಸರಷ್ಟೇ ಅಲ್ಲವೇ?

ಉತ್ತರ: ಅಲ್ಲ. ರೀಸೈಕ್ಲಿಂಗ್ ಅದರ ಕೊನೆಯ ಮೆಟ್ಟಿಲು. ಅಗೆದು ತೆಗೆದು, ತಯಾರಿಸಿ, ಬಳಸಿ, ಎಸೆಯುವುದು ನೇರ ಗೆರೆಯ ದಾರಿ. ಎಸೆಯುವ ಘಟ್ಟ ಆದಷ್ಟು ತಡವಾಗಿ ಬರುವಂತೆ ವಸ್ತುವನ್ನು ಮೊದಲೇ ರೂಪಿಸಿ, ರಿಪೇರಿ, ಮರುಬಳಕೆ, ಬಿಡಿಭಾಗಗಳ ಮರುಜೋಡಣೆ ಎಲ್ಲ ಮುಗಿದ ಮೇಲಷ್ಟೇ ಕರಗಿಸುವುದು ವೃತ್ತದ ದಾರಿ. ಸಂಶೋಧಕರಾದ ವಾಲ್ಟರ್ ಸ್ಟಾಹೆಲ್ ಮತ್ತು ಜೆನೆವೀವ್ ರೆಡೆ 1976ರಲ್ಲಿ ಯುರೋಪಿಯನ್ ಆಯೋಗಕ್ಕೆ ಕೊಟ್ಟ ವರದಿಯಲ್ಲೇ ಇದರ ತಿರುಳಿದೆ: ಹೊಸದನ್ನು ತಯಾರಿಸಲು ಇಂಧನ ಹೆಚ್ಚು ಬೇಕು, ಹಳೆಯದನ್ನು ಸರಿಪಡಿಸಲು ಕೈಗಳು ಹೆಚ್ಚು ಬೇಕು. ವಸ್ತುವಿನ ಆಯಸ್ಸು ಬೆಳೆದರೆ ಇಂಧನವೂ ಉಳಿಯುತ್ತದೆ, ಉದ್ಯೋಗವೂ ಹುಟ್ಟುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಪ್ರತಿ ಸುತ್ತಿನಲ್ಲೂ ಶೇ 90ರಷ್ಟು ಲೋಹ ಮರಳಿ ಸಿಕ್ಕರೂ, ಐದು ಸುತ್ತುಗಳ ಬಳಿಕ 100 ಕೆ.ಜಿ.ಯಲ್ಲಿ ಉಳಿಯುವುದು 59 ಕೆ.ಜಿ. ಮರಳುವುದು ಶೇ 70 ಆದರೆ ಸುಮಾರು 17 ಕೆ.ಜಿ. ಮಾತ್ರ. ಒಂದೊಂದು ಸುತ್ತನ್ನೂ ಐದು ವರ್ಷದಿಂದ ಹತ್ತಕ್ಕೆ ಎಳೆದರೆ, ಅಷ್ಟೇ ನಷ್ಟಕ್ಕೆ ಎರಡರಷ್ಟು ಕಾಲ ಹಿಡಿಯುತ್ತದೆ.

ಪ್ರಶ್ನೆ: ವಾಷಿಂಗ್ ಮಷೀನಿನ ಬೇರಿಂಗ್ ಹೋದರೆ ಇಡೀ ಟಬ್ ಬದಲಿಸಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ಟಬ್ಬನ್ನು ಹೇಗೆ ಜೋಡಿಸಿದ್ದಾರೆ ಎಂಬುದರ ಮೇಲಿದೆ. ಸಾಮಾನ್ಯವಾಗಿ ಮೊದಲು ಸೋಲುವುದು ಆಯಿಲ್ ಸೀಲ್, ಅಂದರೆ ನೀರು ಬೇರಿಂಗಿಗೆ ಇಳಿಯದಂತೆ ತಡೆಯುವ ರಬ್ಬರ್ ಉಂಗುರ. ಅದು ಸವೆದು ನೀರು ಒಳಗಿಳಿದರೆ ಬೇರಿಂಗಿನ ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ. ಸ್ಪಿನ್ ಆಗುವಾಗ ಗುಡುಗಿದಂಥ ಸದ್ದು ಶುರುವಾಗುತ್ತದೆ. ಟಬ್ಬಿನ ಎರಡು ಹೋಳುಗಳನ್ನು ಸ್ಕ್ರೂ ಹಾಕಿ ಸೇರಿಸಿದ್ದರೆ, ಬಿಚ್ಚಿ ಬೇರಿಂಗ್‌ಗಳನ್ನೂ ಸೀಲನ್ನೂ ಬದಲಿಸಿದರೆ ಮುಗಿಯಿತು. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆದಿದ್ದರೆ ಸರಿಯಾಗಿ ಬಿಚ್ಚಲು ದಾರಿಯಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಭಾಗಕ್ಕಾಗಿ ಗಟ್ಟಿಮುಟ್ಟಾದ ಮೋಟಾರಿನ ಸಮೇತ ಮಷೀನೇ ಗುಜರಿಗೆ ಹೋಗುವುದು ಹೀಗೆ. ನಮಗೆ ಅತಿ ಹೆಚ್ಚು ನೋವು ತರುವ ಪೋಲು ಇದೇ. ಸದ್ದು ಕೇಳಿದ ಮೇಲೂ ತಿಂಗಳುಗಟ್ಟಲೆ ಓಡಿಸಬೇಡಿ. ಬೇರಿಂಗಿನೊಳಗೆ ತಿರುಗುವ ದಂಡ, ಅಂದರೆ ಶಾಫ್ಟ್, ಸವೆದರೆ ಸ್ಕ್ರೂ ಇರುವ ಟಬ್ಬಿನಲ್ಲೂ ಹೊಸ ಬೇರಿಂಗ್ ಕೂರುವುದಿಲ್ಲ.

ಆದ್ದರಿಂದ ಕೊಳ್ಳುವ ಮೊದಲೇ ಕೇಳಿ: ಟಬ್ ಬಿಚ್ಚಬಹುದೇ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಬೆಲೆ ಎಷ್ಟು? ರಿಪೇರಿ ಕೈಪಿಡಿ ಕೊಡುತ್ತಾರೆಯೇ? ಫ್ರಾನ್ಸ್‌ನಲ್ಲಿ 2021ರಿಂದ ಕೆಲವು ಉಪಕರಣಗಳಿಗೆ 10ಕ್ಕೆ ಇಷ್ಟು ಎಂದು ರಿಪೇರಿ ಅಂಕ ಪ್ರಕಟಿಸುವುದು ಕಡ್ಡಾಯವಾದಾಗ, ಅಂಕ ಕೊಡಲು ನೋಡಿದ್ದೂ ಬಹುತೇಕ ಇವನ್ನೇ.

ಪ್ರಶ್ನೆ: ಇಷ್ಟೆಲ್ಲ ರೀಸೈಕಲ್ ಆದರೂ ಹೊಸ ಕಚ್ಚಾವಸ್ತು ಏಕೆ ಬೇಕು?

ಉತ್ತರ: ಬೆರಕೆಯಿಂದಾಗಿ. ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಿದರೆ ಅದಿರಿನಿಂದ ತೆಗೆಯಲು ಬೇಕಾದ ಶಕ್ತಿಯಲ್ಲಿ ಸುಮಾರು ಶೇ 95ರಷ್ಟು ಉಳಿಯುತ್ತದೆ. ಇದು ದೊಡ್ಡ ಲಾಭವೇ. ಉಕ್ಕಿನ ಕಥೆ ಬೇರೆ. ಹಳೆಯ ಕಾರನ್ನು ವೈರು, ಸಣ್ಣ ಮೋಟಾರುಗಳ ಸಮೇತ ಪುಡಿಮಾಡಿದರೆ ತಾಮ್ರ ಉಕ್ಕಿನಲ್ಲಿ ಬೆರೆಯುತ್ತದೆ. ಕರಗಿದ ಮೇಲೆ ಅದನ್ನು ಲಾಭದಾಯಕವಾಗಿ ಬೇರ್ಪಡಿಸುವ ವಿಧಾನ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ತಾಮ್ರ ಹೆಚ್ಚಿದ್ದರೆ ಬಿಸಿ ಉಕ್ಕನ್ನು ಹಾಳೆಯಾಗಿ ಒತ್ತುವಾಗ ಮೈಮೇಲೆ ಬಿರುಕು ಬಿಡುತ್ತದೆ. ಹಾಗಾಗಿ ಕಾರಿನ ಉಕ್ಕು ಮತ್ತೆ ಕಾರಾಗದೆ ಕಟ್ಟಡದ ಸರಳಾಗುತ್ತದೆ. ಪುಡಿಮಾಡುವ ಮೊದಲು ವೈರಿಂಗ್ ಕಿತ್ತು ತೆಗೆಯುವುದೇ ಮದ್ದು. ನೀರಿನ ಬಾಟಲಿಯ ಪ್ಲಾಸ್ಟಿಕ್ ಆದ ಪಿಇಟಿಯಲ್ಲಿ ಪೈಪಿನ ಪ್ಲಾಸ್ಟಿಕ್ ಆದ ಪಿವಿಸಿಯ ಚೂರು ಸೇರಿದರೂ ಹೀಗೇ: ಪಿಇಟಿ ಕರಗುವ ಸುಮಾರು 260 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಪಿವಿಸಿ ಒಡೆದು ಆಮ್ಲ ಬಿಡುತ್ತದೆ, ಇಡೀ ಮಾಲು ಹಳದಿಗಟ್ಟುತ್ತದೆ. ಕಾಗದದ ನಾರಂತೂ ಪ್ರತಿ ಸಲ ಮೊಟಕಾಗುತ್ತಾ ಐದರಿಂದ ಏಳು ಸುತ್ತಿಗೆ ಸೋಲುತ್ತದೆ.

ಪ್ರಶ್ನೆ: ಹಸಿಕಸದಿಂದ ಗೊಬ್ಬರ ಮಾಡುವ ಡಬ್ಬ ನಾರುತ್ತಿದೆ. ಏನು ಮಾಡಲಿ?

ಉತ್ತರ: ಕೊಳೆತ ಮೊಟ್ಟೆಯ ವಾಸನೆಯಾದರೆ ಗಾಳಿ ಸಾಲದು, ನೀರು ಹೆಚ್ಚಾಗಿದೆ: ತಿರುವಿಹಾಕಿ, ಒಣ ಎಲೆ ಬೆರೆಸಿ. ಅಮೋನಿಯಾ ಘಾಟಾದರೆ ಸಾರಜನಕ ಹೆಚ್ಚಾಗಿದೆ: ಒಣ ಎಲೆ, ಮರದ ಹೊಟ್ಟು ಸೇರಿಸಿ. ಇಂಗಾಲ 25ರಿಂದ 30 ಪಾಲಿಗೆ ಸಾರಜನಕ ಒಂದು ಪಾಲು ಸರಿಯಾದ ಅಳತೆ. ಕೈಯಂದಾಜಿನಲ್ಲಿ, ಒಂದು ಬುಟ್ಟಿ ಹಸಿಕಸಕ್ಕೆ ಎರಡು ಬುಟ್ಟಿ ಒಣ ಎಲೆ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳಬೇಕು. ಸಣ್ಣ ಡಬ್ಬ 55 ಡಿಗ್ರಿವರೆಗೆ ಬಿಸಿಯೇರುವುದು ಅಪರೂಪ, ಆದ್ದರಿಂದ ಬೀಜ ಬಿಟ್ಟ ಕಳೆಯನ್ನು ಅದಕ್ಕೆ ಹಾಕಬೇಡಿ. ಗೊಬ್ಬರದ ಜೊತೆಗೆ ಆ ಬೀಜಗಳೂ ಕುಂಡಕ್ಕೆ ಬಂದು ಮೊಳೆಯುತ್ತವೆ.