ಈಸ್ಟರ್ ದ್ವೀಪಕ್ಕೆ ಮೂರು ದಿನ ಸಾಕಾ? ಆರಾಮಾಗಿ ಇದ್ದು ಬರೋದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಬೆಂಗಳೂರಿಂದ ಗಂಡ-ಹೆಂಡತಿ ಇಬ್ಬರು ಫೆಬ್ರವರಿಯಲ್ಲಿ ಈಸ್ಟರ್ ದ್ವೀಪಕ್ಕೆ ಹೋಗಬೇಕು, ಕಲ್ಲಿನ ಮೂರ್ತಿಗಳನ್ನು ನೋಡಬೇಕು, ಉಳಿದ ಹೊತ್ತು ಸುಮ್ಮನೆ ಕೂತು ದಣಿವಾರಿಸಿಕೊಳ್ಳಬೇಕು. ಮೂರು ದಿನ ಸಾಕಾ, ಸಸ್ಯಾಹಾರ ಸಿಗುತ್ತಾ, ಸಮುದ್ರಸ್ನಾನಕ್ಕೆ ಚೆನ್ನಾಗಿದೆಯಾ?

ಮೂರು ದಿನ ಸಾಲದು. ಮೂರ್ತಿ ನೋಡೋಕೆ ಬೇಕಾದರೆ ಸಾಕು, ಆರಾಮಕ್ಕೆ ಸಾಲದು. ಆರು ರಾತ್ರಿ ಇಟ್ಟುಕೊಳ್ಳಿ.

ದ್ವೀಪ ಇರೋದು ಚಿಲಿ ದೇಶದ ಕರಾವಳಿಯಿಂದ 3,500 ಕಿಲೋಮೀಟರ್‌ಗೂ ಆಚೆ. ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಿಂದ ವಿಮಾನದಲ್ಲಿ ಐದು-ಐದೂವರೆ ಗಂಟೆ. ಬೆಂಗಳೂರಿಂದ ಸ್ಯಾಂಟಿಯಾಗೊ ತಲುಪೋಕೇ ಒಂದು ದಿನದ ಮೇಲಾಗುತ್ತೆ. ಹೋಗುವಾಗ ಸ್ಯಾಂಟಿಯಾಗೊದಲ್ಲಿ ಒಂದು ರಾತ್ರಿ ಮಲಗಿ ಎದ್ದು ಹೋಗಿ, ಬರುವಾಗಲೂ ಒಂದು ದಿನ ಖಾಲಿ ಬಿಡಿ. ದ್ವೀಪದಲ್ಲಿ ಇರೋದು ಒಂದೇ ರನ್‌ವೇ, ಹೋಗಿಬರೋ ಪ್ರಯಾಣಿಕರ ವಿಮಾನವೂ ಲಾಟಾಮ್ ಕಂಪನಿಯದು ಮಾತ್ರ. ಒಂದು ವಿಮಾನ ರದ್ದಾದರೆ ಅದೇ ದಿನ ಇನ್ನೊಂದು ಸಿಗುತ್ತೆ ಅನ್ನೋ ಭರವಸೆ ಇಲ್ಲ. ಅದೇ ರಾತ್ರಿಯ ಅಂತರರಾಷ್ಟ್ರೀಯ ವಿಮಾನಕ್ಕೆ ಟಿಕೆಟ್ ಮಾಡಿಕೊಂಡವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. (ಅಷ್ಟು ಪುಟ್ಟ ದ್ವೀಪದ ರನ್‌ವೇ ಮೂರು ಕಿಲೋಮೀಟರ್‌ಗೂ ಉದ್ದ ಇದೆ. ಬಾಹ್ಯಾಕಾಶ ನೌಕೆ ತುರ್ತಾಗಿ ಇಳಿಯಬೇಕಾಗಿ ಬಂದರೆ ಇರಲಿ ಅಂತ ನಾಸಾದವರು 1980ರ ದಶಕದಲ್ಲಿ ಉದ್ದ ಮಾಡಿಸಿದ್ದು.)

ಕಾಗದಪತ್ರದ ವಿಷಯದಲ್ಲಿ ಎಡವೋದು ಹೆಚ್ಚು. ಚಿಲಿ ವೀಸಾ ಅಂತೂ ಇದ್ದದ್ದೇ. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸೋಕೂ ಅಲ್ಲಿನ ವೀಸಾ ಬೇಕು. ದುಬೈ ಅಥವಾ ದೋಹಾದಿಂದ ಬ್ರೆಜಿಲ್‌ನ ಸಾವೊ ಪಾಲೊ ಮೂಲಕ ಹೋಗೋದು ಸುಲಭದ ದಾರಿ, ಆದರೆ ಬ್ರೆಜಿಲ್ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶ. ಅಲ್ಲಿ ಹೊರಗೆ ಕಾಲಿಟ್ಟು, ಲಸಿಕೆ ಕಾರ್ಡ್ ಇಲ್ಲದೆ ಭಾರತಕ್ಕೆ ವಾಪಸಾದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಕಾರ್ಡಿಗೆ ಬೆಲೆ. ವಿಮಾನ ನಿಲ್ದಾಣದಿಂದ ಹೊರಗೆ ಹೋಗಲ್ಲ ಅಂದುಕೊಂಡವರೂ ಹಾಕಿಸಿಕೊಳ್ಳೋದು ಒಳ್ಳೇದು, ವಿಮಾನ ತಪ್ಪಿದರೆ ಹೊರಗೆ ಹೋಗಬೇಕಾಗಿ ಬರಬಹುದಲ್ಲ.

ದ್ವೀಪಕ್ಕೇ ಬೇರೆ ನಿಯಮ ಇದೆ. 2018ರಿಂದ ಪ್ರವಾಸಿಗರು 30 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಹೊರಡೋ ಮೊದಲು ಆನ್‌ಲೈನ್‌ನಲ್ಲಿ ಪ್ರವೇಶ ಅರ್ಜಿ ತುಂಬಬೇಕು, ಹಿಂತಿರುಗೋ ಟಿಕೆಟ್ ಇರಬೇಕು, ಚಿಲಿಯ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ವಸತಿಯಲ್ಲಿ ಕೋಣೆ ಕಾದಿರಿಸಿರಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಂಡ ಮನೆಯನ್ನೆಲ್ಲ ಹಿಡಿಯಬೇಡಿ, ನೋಂದಣಿ ಇದೆಯಾ ಅಂತ ಮೊದಲು ಕೇಳಿ. ಇದನ್ನೆಲ್ಲ ಪರಿಶೀಲಿಸೋದು ಸ್ಯಾಂಟಿಯಾಗೊದಲ್ಲೇ, ವಿಮಾನ ಹತ್ತೋ ಮೊದಲು. ಮೂರು ಗಂಟೆ ಮುಂಚೆ ಹೋಗಿ.

ಫೆಬ್ರವರಿಯ ಮೊದಲ ಎರಡು ವಾರ ತಾಪಾತಿ ಹಬ್ಬ. ಬಾಳೆಯ ಕಾಂಡಗಳನ್ನು ಜೋಡಿಸಿ ಕಟ್ಟಿ, ಅದರ ಮೇಲೆ ಮಲಗಿ ಗುಡ್ಡದ ಮೇಲಿಂದ ಜಾರಿ ಬರುವ ಪಂದ್ಯ ಅದರಲ್ಲಿ ಒಂದು. ನೋಡೋಕೆ ಮೈ ಜುಮ್ಮೆನ್ನುತ್ತೆ, ಆದರೆ ಆಗ ಕೋಣೆ, ವಿಮಾನ, ಬಾಡಿಗೆ ಕಾರು ಎಲ್ಲದಕ್ಕೂ ನೂಕುನುಗ್ಗಲು. ನಿಮಗೆ ಬೇಕಾದ್ದು ನೆಮ್ಮದಿ ಅಂದರೆ ಮಾರ್ಚ್‌ಗೆ ಹೋಗಿ. ಆಗಲೂ ಬೆಚ್ಚಗೇ ಇರುತ್ತೆ.

ಇನ್ನು ಮೂರ್ತಿಗಳು. ಅವಕ್ಕೆ ಅಲ್ಲಿನ ಹೆಸರು ಮೊವಾಯ್, ಅವು ನಿಂತ ಕಲ್ಲಿನ ಜಗಲಿಗೆ ಆಹು. ಹೆಚ್ಚುಕಡಿಮೆ ಎಲ್ಲವೂ ಇರೋದು ರಾಷ್ಟ್ರೀಯ ಉದ್ಯಾನದ ಒಳಗೆ, ಅದನ್ನು ನಡೆಸೋದು ದ್ವೀಪದ ಮೂಲನಿವಾಸಿಗಳಾದ ರಾಪಾ ನುಯಿ ಜನರದೇ ಸಂಸ್ಥೆಯಾದ ಮಾವು ಹೆನುವಾ. ಟಿಕೆಟ್ ಹತ್ತು ದಿನ ನಡೆಯುತ್ತೆ, ಆದರೆ ಮೂರ್ತಿ ಕೆತ್ತಿದ ಗುಡ್ಡ ರಾನೊ ರರಾಕು ಮತ್ತು ಜ್ವಾಲಾಮುಖಿಯ ಅಂಚಿನ ಹಳೇ ಹಳ್ಳಿ ಒರೊಂಗೊ ಎರಡಕ್ಕೆ ಒಂದೊಂದೇ ಸಲ ಪ್ರವೇಶ. ಬಹುತೇಕ ತಾಣಗಳಿಗೆ ಮಾನ್ಯತೆ ಇರುವ ಸ್ಥಳೀಯ ಗೈಡ್ ಜೊತೆಗಿರಲೇಬೇಕು. ಹಾಗಾಗಿ ವ್ಯಾನಿನಲ್ಲಿ ತುಂಬಿಕೊಂಡು ಒಂದೇ ದಿನ ಆರೇಳು ಜಾಗ ಸುತ್ತಿಸೋ ಪ್ಯಾಕೇಜ್‌ಗಿಂತ, ಎರಡು ಅರ್ಧ ದಿನಕ್ಕೆ ಖಾಸಗಿ ಗೈಡ್ ಹಿಡಿಯಿರಿ. ದುಡ್ಡು ಜಾಸ್ತಿ, ಆದರೆ ಒಂದೇ ಸಲ ಬಿಡೋ ಜಾಗದಲ್ಲಿ ಗಡಿಬಿಡಿ ಮಾಡಬಾರದು.

ರಾನೊ ರರಾಕುಗೆ ಕನಿಷ್ಠ ಎರಡು ಗಂಟೆ ಕೊಡಿ. ಇಡೀ ದ್ವೀಪದ ಮೂರ್ತಿಗಳಲ್ಲಿ ಬಹುಪಾಲನ್ನು ಕೆತ್ತಿದ್ದು ಈ ಒಂದು ಜ್ವಾಲಾಮುಖಿ ಗುಡ್ಡದಲ್ಲಿ, ಸುಮಾರು 400 ಮೂರ್ತಿಗಳು ಇನ್ನೂ ಅಲ್ಲೇ ಇವೆ. ಇಲ್ಲಿನ ಕಲ್ಲು ಜ್ವಾಲಾಮುಖಿ ಬೂದಿ ಹೆಪ್ಪುಗಟ್ಟಿ ಆದದ್ದು, ಕೆತ್ತೋಕೆ ಮೆತ್ತನೆಯದು. ಕೆತ್ತಿದ್ದು ಬಸಾಲ್ಟ್ ಕಲ್ಲಿನ ಉಳಿಗಳಿಂದ, ಲೋಹ ಇರಲಿಲ್ಲ. ಬಂಡೆಯಲ್ಲಿ ಮಲಗಿದ್ದ ಹಾಗೇ ಮುಖ, ಕೈ, ಹೊಟ್ಟೆ ಎಲ್ಲ ಮುಗಿಸಿ, ಬೆನ್ನಿಗೆ ಮಾತ್ರ ದೋಣಿಯ ತಳದ ಹಾಗೆ ಒಂದು ಏಣು ಉಳಿಸಿಕೊಳ್ಳುತ್ತಿದ್ದರು. ಕೊನೆಗೆ ಅದನ್ನೂ ಕಡಿದು, ಇಳಿಜಾರಿನಲ್ಲಿ ಜಾರಿಸಿ, ಕೆಳಗೆ ನಿಲ್ಲಿಸಿಕೊಂಡು ಬೆನ್ನು ನಯ ಮಾಡುತ್ತಿದ್ದರು. ಈ ಪ್ರತಿ ಹಂತದಲ್ಲಿ ನಿಂತುಹೋದ ಮೂರ್ತಿಯೂ ಗುಡ್ಡದ ಮೇಲಿದೆ. ಬಂಡೆ ಬಿಟ್ಟು ಏಳದ ಅತಿ ದೊಡ್ಡದು ಸುಮಾರು 21 ಮೀಟರ್ ಉದ್ದ. ಇಳಿಜಾರಿನಲ್ಲಿ ಬರೀ ತಲೆಗಳ ಹಾಗೆ ಕಾಣೋವಕ್ಕೆಲ್ಲ ಕೆಳಗೆ ಮೈ ಇದೆ, ಮಣ್ಣು ಜರಿದು ಮುಚ್ಚಿಕೊಂಡಿದೆ ಅಷ್ಟೇ. ಅವುಗಳ ಕಣ್ಣು ನೋಡಿ: ಗುಳಿಯೇ ಇಲ್ಲ. ಗುಳಿ ಕೊರೆಯುತ್ತಿದ್ದದ್ದು ಮೂರ್ತಿ ಜಗಲಿ ಏರಿದ ಮೇಲೆ, ಬಿಳಿ ಹವಳದ ಕಣ್ಣು ಕೂರಿಸೋಕೆ. ನಮ್ಮಲ್ಲಿ ನೇತ್ರೋನ್ಮೀಲನ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1978ರಲ್ಲಿ ಅನಕೆನಾ ಕಡಲತೀರದಲ್ಲಿ ಸಿಕ್ಕ ಅಂಥ ಒಂದು ಕಣ್ಣು ಊರಿನ ಮ್ಯೂಸಿಯಂನಲ್ಲಿದೆ, ಗುಡ್ಡಕ್ಕೆ ಹೋಗೋ ಮೊದಲೇ ನೋಡಿಕೊಳ್ಳಿ.

ಅಲ್ಲಿಂದ ಕೂಗಳತೆಯಲ್ಲಿ ತೊಂಗರಿಕಿ, ಸಾಲಾಗಿ 15 ಮೂರ್ತಿಗಳು. 1960ರ ಚಿಲಿ ಭೂಕಂಪದ ಸುನಾಮಿ ಇವನ್ನು ಒಳನಾಡಿಗೆ ಎತ್ತಿ ಎಸೆದಿತ್ತು. 1990ರ ದಶಕದಲ್ಲಿ ಜಪಾನಿನ ಕ್ರೇನ್ ತಂದು ಮತ್ತೆ ನಿಲ್ಲಿಸಿದರು. ಮೂರ್ತಿಗಳ ಬೆನ್ನ ಹಿಂದಿನಿಂದ ಸೂರ್ಯ ಏಳೋದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಅಲ್ಲಿನ ಚಳಿಗಾಲದಲ್ಲಿ, ಅಂದರೆ ಜೂನ್-ಜುಲೈ ಹೊತ್ತಿಗೆ, ಪಕ್ಕಕ್ಕೆ ಸರಿದುಬಿಡುತ್ತೆ. ಬೆಳಗಿನ ಜಾವ ಏಳಬೇಕೇನೋ ಅಂತ ಹೆದರಬೇಡಿ, ಡಿಸೆಂಬರ್-ಮಾರ್ಚ್‌ನಲ್ಲಿ ಅಲ್ಲಿನ ಗಡಿಯಾರ ಸೂರ್ಯನಿಗಿಂತ ಎರಡು ಗಂಟೆಗೂ ಮುಂದೆ ಓಡುತ್ತೆ. ಫೆಬ್ರವರಿಯಲ್ಲಿ ಸೂರ್ಯೋದಯ ಎಂಟರ ಆಸುಪಾಸು.

ಎಲ್ಲಿಯೂ ಮೂರ್ತಿ ಮುಟ್ಟಬೇಡಿ, ಜಗಲಿ ಹತ್ತಬೇಡಿ. ನೆಲದ ಮೇಲಿನ ಕಲ್ಲಿನ ರಾಶಿ ಅಂತ ಕಾಣೋದೂ ಕೆಡವಿದ ಆಹು ಆಗಿರಬಹುದು. 2008ರಲ್ಲಿ ಮೂರ್ತಿಯೊಂದರ ಕಿವಿ ಮುರಿದ ಪ್ರವಾಸಿಗೆ 17,000 ಡಾಲರ್ ದಂಡ ಬಿತ್ತು.

ಸಮುದ್ರಸ್ನಾನಕ್ಕೆ ಅನಕೆನಾ ಒಂದೇ ಅಂತ ಇಟ್ಟುಕೊಳ್ಳಿ. ಉಳಿದ ದಡವೆಲ್ಲ ಕರಿಬಂಡೆ, ಅಲೆ ಜೋರು. ಅನಕೆನಾದಲ್ಲಿ ಬಿಳಿ ಮರಳು, ತಾಹಿತಿಯಿಂದ ತಂದು ನೆಟ್ಟ ತೆಂಗಿನ ತೋಪು, ಹಿಂದೆ ಕೆಂಪು ಕಲ್ಲಿನ ಮುಡಿ ಹೊತ್ತ ಮೊವಾಯ್‌ಗಳು. ಟಿಕೆಟ್ ಬೇಕು, ಗೈಡ್ ಬೇಡ. ಎರಡು ಪೂರ್ತಿ ದಿನ ಇಲ್ಲಿಗೇ ಬಿಡಿ. ಇಲ್ಲಿಗೆ ಹೋಗೋಕೆ ಕಾರು ಬೇಕು, ಬಸ್ಸು ಇಲ್ಲ. ಬಾಡಿಗೆ ಕಾರಿಗೆ ದ್ವೀಪದಲ್ಲಿ ವಿಮೆ ಸಿಗಲ್ಲ, ಗೀರು ಬಿದ್ದರೂ ನಿಮ್ಮ ಜೇಬಿಂದಲೇ. ರಸ್ತೆಯಲ್ಲಿ ಕುದುರೆ, ದನ ಅಡ್ಡಾಡಿಕೊಂಡಿರುತ್ತವೆ, ಕತ್ತಲಾದ ಮೇಲೆ ಓಡಿಸಬೇಡಿ. ಕಾರು ತಗೊಂಡ ತಕ್ಷಣ ನಾಲ್ಕೂ ಬದಿಯ ವೀಡಿಯೊ ಮಾಡಿಟ್ಟುಕೊಳ್ಳಿ.

ಊಟ. ಹಂಗಾ ರೋವಾ ಒಂದೇ ಊರು, ಹೋಟೆಲುಗಳಲ್ಲಿ ಮೀನಿನದೇ ದರ್ಬಾರು. ಬಹಳಷ್ಟು ಸಾಮಾನು ಚಿಲಿಯಿಂದ ಬರಬೇಕಾದ್ದರಿಂದ ಬೆಲೆ ಕೈ ಸುಡುತ್ತೆ. ಅಡುಗೆಮನೆ ಇರೋ ಕೋಣೆ ಹಿಡಿಯಿರಿ. ಅಲ್ಲೇ ಬೆಳೆಯೋ ಗೆಣಸು, ಕೆಸುವಿನ ಗಡ್ಡೆ, ಬಾಳೆ, ಅನಾನಸ್ ಸಿಗುತ್ತವೆ. ಅಲ್ಲಿ ಗೆಣಸಿಗೆ ಕುಮಾರಾ ಅಂತಾರೆ, ಹಿಂದೆ ಮೂರ್ತಿ ಕೆತ್ತಿದವರ ಹೊಟ್ಟೆ ತುಂಬಿಸಿದ್ದೂ ಅದೇ. ಬಾಳೆಹಣ್ಣು-ಕುಂಬಳದಲ್ಲಿ ಮಾಡೋ ಪೊಎ ಅನ್ನೋ ಸಿಹಿಯನ್ನು ತಿಂದುನೋಡಿ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯೋದಾದರೆ ಅಂಗಡಿಯ ಒಡೆಯದ ಪ್ಯಾಕೆಟ್ ಇರಲಿ, ಸ್ಯಾಂಟಿಯಾಗೊದಲ್ಲಿ ಇಳಿಯುವಾಗ ಕೃಷಿ ತಪಾಸಣೆಯ ಘೋಷಣೆಯಲ್ಲಿ ತಪ್ಪದೆ ಬರೆಯಿರಿ. ಬರೆದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಹಸಿ ಕರಿಬೇವು, ಹಣ್ಣು, ಜೇನು ಮನೆಯಲ್ಲೇ ಬಿಡಿ.

ಸಂಜೆಗೆ ಊರಂಚಿನ ತಹಾಯ್‌ಗೆ ನಡೆದೇ ಹೋಗಿ. ಹುಲ್ಲುಹಾಸು, ಮುಂದೆ ಮೂರ್ತಿಗಳು, ಅವುಗಳ ಹಿಂದೆ ಮುಳುಗೋ ಸೂರ್ಯ. ಗಾಳಿ ತಣ್ಣಗಿರುತ್ತೆ, ಒಂದು ಸ್ವೆಟರ್ ಇರಲಿ, ಸೊಳ್ಳೆಗೆ ಹಚ್ಚೋದೂ ಇರಲಿ. ಫೆಬ್ರವರಿಯಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತರ ಹೊತ್ತಿಗೆ, ಅದಕ್ಕೆ ಊಟ ಮುಗಿಸಿಕೊಂಡೇ ಹೊರಡಿ.